ಲ್ಯಾಕ್ಸ್‌ಟನ್: ಬೇಲಿ ಹಾಕದೆ ಉಳಿದ ಹೊಲಗಳು, ಮೂರು ಸಲ ಮಾರಾಟವಾದ ಊರು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಲ್ಯಾಕ್ಸ್‌ಟನ್ ಅಂತ ಒಂದು ಸಣ್ಣ ಹಳ್ಳಿ ಇದೆ. ಒಂದು ಹಳೇ ಚರ್ಚು, ಒಂದು ಪಬ್ಬು, ಬೀದಿಯುದ್ದಕ್ಕೂ ಇಟ್ಟಿಗೆಯ ರೈತಮನೆಗಳು. ಊರಾಚೆ ಒಂದು ಕೋಟೆಯ ಮಣ್ಣಿನ ದಿಬ್ಬ. 1952ರಿಂದ ಈಚೆಗೆ ಈ ಊರಿನ ಜಮೀನು ಮೂರು ಸಲ ಕೈ ಬದಲಾಯಿಸಿದೆ. ಮಾರಾಟದ ಮಾತು ಬಂದಾಗಲೆಲ್ಲ ರೈತರು, ಇತಿಹಾಸಕಾರರು, ಸರ್ಕಾರದವರು ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಜಮೀನು ಮಾರುವುದು, ಕೊಳ್ಳುವುದು ದಿನಾ ನಡೆಯುವ ವ್ಯವಹಾರ ಅಲ್ವಾ, ಇಲ್ಲಿ ಏನು ವಿಶೇಷ? ಅದು ಅರ್ಥವಾಗಬೇಕಾದರೆ ಇಲ್ಲಿನ ಬೇಸಾಯದ ಪದ್ಧತಿಯನ್ನು ನೋಡಬೇಕು.

ಒಂದು ಕಾಲಕ್ಕೆ ಮಧ್ಯ ಇಂಗ್ಲೆಂಡಿನ ಸಾವಿರಾರು ಹಳ್ಳಿಗಳು ಹೀಗೇ ಇದ್ದವು. ಊರಿನ ಸುತ್ತ ಎರಡೋ ಮೂರೋ ದೊಡ್ಡ ಬಯಲು. ಒಳಗೆ ಬೇಲಿ ಇಲ್ಲ, ಗೋಡೆ ಇಲ್ಲ. ಬಯಲನ್ನು ಉದ್ದುದ್ದ ಪಟ್ಟಿಗಳಾಗಿ ಹಂಚಿರುತ್ತಾರೆ. ಒಬ್ಬ ರೈತನ ಪಟ್ಟಿಗಳು ಒಂದೇ ಕಡೆ ಇರುವುದಿಲ್ಲ, ಎಲ್ಲ ಬಯಲುಗಳಲ್ಲೂ ಚದುರಿರುತ್ತವೆ. ಹಾಗಾಗಿ ಒಳ್ಳೆಯ ಮಣ್ಣು, ಜೌಗು ಮಣ್ಣು ಎರಡೂ ಎಲ್ಲರ ಪಾಲಿಗೂ ಬರುತ್ತದೆ. ಲ್ಯಾಕ್ಸ್‌ಟನ್‌ನಲ್ಲಿ ಇಂಥ ಮೂರು ಬಯಲು ಇವತ್ತಿಗೂ ಇವೆ: ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್. ಒಂದರಲ್ಲಿ ಚಳಿಗಾಲಕ್ಕೆ ಮುಂಚೆ ಬಿತ್ತಿದ ಗೋಧಿ, ಇನ್ನೊಂದರಲ್ಲಿ ವಸಂತದ ಬೆಳೆ, ಮೂರನೆಯದಕ್ಕೆ ಬಿಡುವು. ಮರುವರ್ಷ ಸರದಿ ಬದಲಾಗುತ್ತದೆ. ಪಕ್ಕದವನು ಗೋಧಿ ಹಾಕಿದಾಗ ನಾನು ಬೇರೆ ಏನೋ ಹಾಕುತ್ತೇನೆ ಅಂದರೆ ನಡೆಯುವುದಿಲ್ಲ. ಎಲ್ಲರೂ ಕೂಡಿ ನಿರ್ಧರಿಸಿಯೇ ಬೇಸಾಯ.

ಉಳಿದ ಹಳ್ಳಿಗಳ ಕತೆ ಬೇಗ ಮುಗಿಯುತ್ತದೆ. ಬಯಲುಗಳಿಗೆ ಬೇಲಿ ಬಿತ್ತು. 1604ರಿಂದ 1914ರವರೆಗೆ ಬ್ರಿಟಿಷ್ ಸಂಸತ್ತು ಇದಕ್ಕಾಗಿ 5,200ಕ್ಕೂ ಹೆಚ್ಚು ಮಸೂದೆಗಳನ್ನು ಪಾಸು ಮಾಡಿತು. ಸುಮಾರು 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಹೀಗೆ ಹಂಚಿಹೋಯಿತು. ಚದುರಿದ ಪಟ್ಟಿಗಳು ಒಟ್ಟಾದವು, ಹೊಸ ರೀತಿಯ ಬೇಸಾಯಕ್ಕೆ ದಾರಿಯಾಯಿತು. ಅದು ಸುಳ್ಳಲ್ಲ. ಆದರೆ ಕಾಗದಪತ್ರ ಇದ್ದವರಿಗೆ ಜಮೀನು ಸಿಕ್ಕಿತು. ಊರಿನ ಹುಲ್ಲುಗಾವಲಲ್ಲಿ ಒಂದು ಹಸು ಮೇಯಿಸಿಕೊಂಡು, ಕಾಡಿನಿಂದ ಸೌದೆ ತಂದುಕೊಂಡು ಬದುಕುತ್ತಿದ್ದ ಎಷ್ಟೋ ಬಡವರಿಗೆ ಏನೂ ಸಿಗಲಿಲ್ಲ. ಆ ಲೆಕ್ಕವನ್ನು ಯಾರೂ ಸರಿಯಾಗಿ ಚುಕ್ತಾ ಮಾಡಿಲ್ಲ ಅಂತಲೇ ನನಗೆ ಅನ್ನಿಸುತ್ತದೆ.

ಲ್ಯಾಕ್ಸ್‌ಟನ್ ಉಳಿದದ್ದು ಯಾರೋ ಪರಂಪರೆಯ ಮೇಲಿನ ಪ್ರೀತಿಯಿಂದ ಉಳಿಸಿದ್ದಕ್ಕಲ್ಲ. ಇಲ್ಲಿನ ದೊಡ್ಡ ಜಮೀನುದಾರರ ನಡುವೆ ಒಮ್ಮತವೇ ಹುಟ್ಟಲಿಲ್ಲ ಅನ್ನುವುದು ಸಾಮಾನ್ಯವಾಗಿ ಕೊಡುವ ಕಾರಣ. ಹಾಗಂತ ಪೂರ್ತಿ ಉಳಿಯಿತು ಅಂತಲೂ ಅಲ್ಲ. ಸ್ವಲ್ಪ ಸ್ವಲ್ಪವಾಗಿ ಬಯಲಿನ ಅಂಚುಗಳಿಗೆ ಬೇಲಿ ಬಿತ್ತು. 20ನೇ ಶತಮಾನದ ಶುರುವಿನಲ್ಲಿ ಸಣ್ಣ ಪಟ್ಟಿಗಳನ್ನು ಸೇರಿಸಿ ದೊಡ್ಡದು ಮಾಡಿದರು. ಈಗ ಬೇಲಿಯಿಲ್ಲದೆ ಉಳಿದಿರುವುದು ಸುಮಾರು 480 ಎಕರೆ.

ಎಷ್ಟು ಹೋಗಿದೆ ಅಂತ ಗೊತ್ತಾಗುವುದು 1635ರ ಒಂದು ನಕ್ಷೆಯಿಂದ. ಆಗಿನ ಒಡೆಯ, ಲಂಡನ್ನಿನ ವ್ಯಾಪಾರಿ ಸರ್ ವಿಲಿಯಂ ಕೋರ್ಟೆನ್‌ಗಾಗಿ ಮಾರ್ಕ್ ಪಿಯರ್ಸ್ ಎಂಬ ಸರ್ವೆಯವನು ಅದನ್ನು ಬರೆದ. ಈಗ ಅದು ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಒಂದೊಂದು ಪಟ್ಟಿಯನ್ನೂ ಅವನು ಗುರುತಿಸಿದ್ದಾನೆ. ಸುಮ್ನೆ ಗೆರೆ ಎಳೆದು ಬಿಟ್ಟಿಲ್ಲ, ಹೊಲಗಳಲ್ಲಿ ನೇಗಿಲು ಹೊಡೆಯುವವರು, ಪೈರು ಕೊಯ್ಯುವವರು ಕೂಡ ಪುಟ್ಟ ಪುಟ್ಟದಾಗಿ ಕಾಣುತ್ತಾರೆ.

ಈ ಊರಿನ ಜೀವ ಇರುವುದು ಮಾತ್ರ ನಕ್ಷೆಯಲ್ಲಲ್ಲ, ನವೆಂಬರಿನ ಕೊನೆಯ ಗುರುವಾರದಲ್ಲಿ. ಅವತ್ತು ಜ್ಯೂರಿ ಹೊರಡುತ್ತದೆ. ಹನ್ನೆರಡು ಜನ, ಅವರಿಗೊಬ್ಬ ಮುಂದಾಳು. ಹೊಸದಾಗಿ ಗೋಧಿ ಬಿತ್ತಿದ ಬಯಲನ್ನು ನೋಡುವುದು ಅವರ ಕೆಲಸ. ಬೂಟಿಗೆ ಕೆಸರು ಮೆತ್ತಿಕೊಂಡು ಪಟ್ಟಿಯಿಂದ ಪಟ್ಟಿಗೆ ನಡೆಯುತ್ತಾರೆ. ಗಡಿ ಮಸುಕಾದ ಕಡೆ ಮರದ ಗೂಟ ಹೊಡೆಯುತ್ತಾರೆ. ಯಾರಾದರೂ ದಾರಿಯ ಮೇಲೋ, ಸೈಕ್ ಎನ್ನುವ ಹುಲ್ಲಿನ ತಗ್ಗಿನ ಮೇಲೋ ಉಳುಮೆ ಹೊಡೆದಿದ್ದರೆ ಬರೆದುಕೊಳ್ಳುತ್ತಾರೆ. ಆ ಸೈಕ್‌ಗಳು ಎಲ್ಲರಿಗೂ ಸೇರಿದವು. ಬೇಸಿಗೆಯಲ್ಲಿ ಅಲ್ಲಿನ ಹುಲ್ಲನ್ನು ಹರಾಜು ಹಾಕುತ್ತಾರೆ. ನೇಗಿಲು ತಾಗದೆ ಉಳಿದಿದ್ದರಿಂದ ಅಲ್ಲಿ ಬೆಳೆಯುವ ಗಿಡಗಳ ಬಗೆಯೂ ಜಾಸ್ತಿ, ಸರ್ಕಾರ ಅವುಗಳಿಗೆ ಸಂರಕ್ಷಣೆ ಕೊಟ್ಟಿದೆ.

ಒಂದು ವಾರದ ನಂತರ ಡವ್‌ಕೋಟ್ ಪಬ್ಬಿನಲ್ಲಿ ಕೋರ್ಟ್ ಲೀಟ್, ಅಂದರೆ ಊರಿನ ಹಳೇ ನ್ಯಾಯಸಭೆ, ಕೂರುತ್ತದೆ. ಹೆಸರು ಕೂಗುತ್ತಾರೆ. ಬರಬೇಕಾದವರು ಬರದಿದ್ದರೆ ಕೆಲವೇ ಪೆನ್ನಿಗಳ ದಂಡ. ಬದು ಒತ್ತಿದವರಿಗೂ ಅಲ್ಲೇ ದಂಡ. ಮುಂದಿನ ವರ್ಷದ ಜ್ಯೂರಿಗೆ ಪ್ರಮಾಣ ಮಾಡಿಸುವುದೂ ಅಲ್ಲೇ. ದಂಡದ ಮೊತ್ತ ತೀರಾ ಸಣ್ಣದು. ಆದರೆ ಅಕ್ಕಪಕ್ಕದವರೆಲ್ಲ ಕೂತಿರುವಾಗ ತನ್ನ ಹೆಸರು ಹೇಳಿಸಿಕೊಳ್ಳುವುದು ಯಾರಿಗೆ ಬೇಕು? 1977ರಲ್ಲಿ ಸಂಸತ್ತು ಇಂಥ ಹಳೇ ನ್ಯಾಯಸಭೆಗಳ ಅಧಿಕಾರವನ್ನು ತೆಗೆದುಹಾಕುವಾಗಲೂ ಲ್ಯಾಕ್ಸ್‌ಟನ್‌ನದ್ದನ್ನು ಉಳಿಸಿತು. ಊರ ಜಗಳ ಊರಲ್ಲೇ ತೀರುವ ಇಷ್ಟು ಸರಳ ವ್ಯವಸ್ಥೆ ನನಗೆ ಬಹಳ ಇಷ್ಟ.

ಈಗ ಮಾರಾಟದ ವಿಷಯ. ಇಲ್ಲಿನ ರೈತರು ಬಹುಪಾಲು ಗೇಣಿದಾರರು. 17ನೇ ಶತಮಾನದಿಂದ ಒಡೆತನ ಪಿಯರ್‌ಪಾಂಟ್ ಮನೆತನದ್ದು. ಮುಂದೆ ಅರ್ಲ್ ಮ್ಯಾನ್ವರ್ಸ್ ಅನ್ನಿಸಿಕೊಂಡವರು ಇವರೇ. ಹತ್ತಿರದ ಥೋರ್ಸ್‌ಬಿ ಅವರ ಎಸ್ಟೇಟು. 1930ರ ದಶಕದಲ್ಲಿ ಆಕ್ಸ್‌ಫರ್ಡ್‌ನ ಸಿ. ಎಸ್. ಆರ್ವಿನ್ ಎಂಬ ಕೃಷಿ ಅರ್ಥಶಾಸ್ತ್ರಜ್ಞ ಈ ಊರನ್ನು ಆಳವಾಗಿ ಅಧ್ಯಯನ ಮಾಡಿದ ಮೇಲೆ ಇದರ ಬೆಲೆ ಹೊರಗಿನವರಿಗೂ ತಿಳಿಯಿತು. 1952ರಲ್ಲಿ ಮನೆತನ ಜಮೀನು ಮಾರಿತು, ಕೃಷಿ ಸಚಿವಾಲಯ ಕೊಂಡಿತು. ಸರ್ಕಾರದ ಕೈಗೆ ಬಂತಲ್ಲ, ಇನ್ನು ಚಿಂತೆಯಿಲ್ಲ ಅಂದುಕೊಂಡವರು ಇದ್ದಿರಬೇಕು. ಮೂವತ್ತು ವರ್ಷ ಕಳೆಯುವ ಮೊದಲೇ ಸಚಿವಾಲಯವೂ ಕೈ ತೊಳೆದುಕೊಂಡಿತು. 1981ರಲ್ಲಿ ಜಮೀನು ರಾಜಮನೆತನದ ಹೆಸರಿನ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ ಹೋಯಿತು. 2018ರಲ್ಲಿ ಅವರೂ ಮಾರುತ್ತೇವೆ ಅಂದರು. 2020ರಲ್ಲಿ ಕೊಂಡದ್ದು ಥೋರ್ಸ್‌ಬಿ ಎಸ್ಟೇಟ್. ಅಂದರೆ ಜಮೀನು ಒಂದು ಸುತ್ತು ಹಾಕಿ 1952ಕ್ಕೆ ಮೊದಲು ಎಲ್ಲಿತ್ತೋ ಅಲ್ಲಿಗೇ ಬಂತು.

ಒಬ್ಬೊಬ್ಬ ಒಡೆಯನಿಗೂ ಅವನದೇ ಕಾರಣ ಇತ್ತು. ಮೂರು ಬಯಲಿನ ಸರದಿ ಬೇಸಾಯದಿಂದ ದೊಡ್ಡ ಲಾಭ ಬರುವುದಿಲ್ಲ. ದೊಡ್ಡ ಯಂತ್ರಗಳಿಗೆ ಪಟ್ಟಿ ಸಾಲದು. ದನ, ಕುರಿ ಸಾಕಣೆ, ಬೇಲಿಯೊಳಗಿನ ಹೊಲ ಇವೆಲ್ಲ ಇಲ್ಲದಿದ್ದರೆ ಪಟ್ಟಿಗಳನ್ನೇ ನಂಬಿ ಸಂಸಾರ ನಡೆಸುವುದು ಕಷ್ಟ. ಹಾಗಿದ್ದೂ ಇದು ನಡೆಯುತ್ತಿರುವುದು ಇಲ್ಲಿನ ರೈತರ ಹಟದಿಂದ. ಅವರು ಪಟ್ಟಿ ಉತ್ತು, ಜ್ಯೂರಿಗೆ ದಿನ ಕೊಟ್ಟು ಕಾಪಾಡಿದ ವ್ಯವಸ್ಥೆಗೆ ಭದ್ರತೆಯನ್ನು ಒಡೆಯರ ಒಳ್ಳೆಯತನಕ್ಕೆ ಬಿಡುವುದು ಸರಿಯಲ್ಲ. ಒಂದು ಮೊಳ ಹೆಚ್ಚು ಉತ್ತವನಿಗೆ ದಂಡ ಹಾಕುವ ಅಧಿಕಾರ ಕೋರ್ಟ್ ಲೀಟ್‌ಗಿದೆ, ಇಡೀ ಬಯಲನ್ನು ಮಾರುವಾಗ ತಡೆಯುವ ಅಧಿಕಾರ ಇಲ್ಲ.

ಒಡೆತನಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪ್ರಶ್ನೆಯೂ ಇದೆ. ಒಬ್ಬ ಗೇಣಿದಾರ ವಯಸ್ಸಾಗಿ ಬೇಸಾಯ ಬಿಟ್ಟಾಗ ಅವನ ಪಟ್ಟಿಗಳನ್ನು ಹೊಸ ಕುಟುಂಬಕ್ಕೆ ಕೊಡುತ್ತಾರೋ, ಇರುವ ರೈತನಿಗೇ ಸೇರಿಸುತ್ತಾರೋ? ಸೇರಿಸುತ್ತಾ ಹೋದರೆ ಲೆಕ್ಕಕ್ಕೆ ಸುಲಭ. ಆದರೆ ಜ್ಯೂರಿಗೆ ಹನ್ನೆರಡು ಜನ ಬೇಕು, ಅವರು ಇದೇ ಮಣ್ಣಿನಲ್ಲಿ ದುಡಿಯುವವರಾಗಿರಬೇಕು. ಮುಂದಿನ ದಿನಗಳಲ್ಲಿ ಲ್ಯಾಕ್ಸ್‌ಟನ್‌ನಿಂದ ಸುದ್ದಿ ಬಂದಾಗ ಖಾಲಿಯಾದ ಗೇಣಿ ಯಾರಿಗೆ ಹೋಯಿತು ಅನ್ನುವುದನ್ನೇ ಮೊದಲು ನೋಡಬೇಕು.