ಓದಿಸುವುದು ಬೇರೆ, ಓದಿ ಹೇಳುವುದು ಬೇರೆ

ಮಂಡ್ಯ ಜಿಲ್ಲೆಯ ಶಾಲೆಗಳಿಗೆ ಹೋದಾಗಲೆಲ್ಲ ನಾನು ಕೇಳುವ ಪ್ರಶ್ನೆ ಒಂದೇ: "ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳ್ತೀರಾ?" ಉತ್ತರವೂ ಒಂದೇ: "ದಿನಾ ಓದಿಸ್ತೀವಿ ಮೇಡಂ." ನಾನು ಕೇಳಿದ್ದು ಅದಲ್ಲ.

ಒಂದು ಮಗು ಎದ್ದು ನಿಂತು ಓದುತ್ತದೆ. ಮಿಕ್ಕವರು ತಮ್ಮ ಸರದಿಗೆ ಯಾವ ಸಾಲು ಬರುತ್ತದೆ ಎಂದು ಬೆರಳಿಟ್ಟು ಎಣಿಸುತ್ತಿರುತ್ತಾರೆ. ಇದು ಓದಿಸುವುದು. ಇದೂ ಬೇಕು. ಆದರೆ ಅರ್ಥ ಬೆಳೆಯಬೇಕಾದರೆ ಮೇಷ್ಟ್ರು ಓದಬೇಕು, ಮಕ್ಕಳು ಪುಸ್ತಕ ಮುಚ್ಚಿಟ್ಟು ಕೇಳಬೇಕು. ಮುಚ್ಚಿಟ್ಟು!

ಮದ್ದೂರಿನ ಹತ್ತಿರದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ "ಕೆ-ರೆ ಬ-ತ್ತಿ-ತ್ತು" ಎಂದು ಓದಿದ. ಎರಡು ಒತ್ತು ದಾಟುವಷ್ಟರಲ್ಲಿ ಬೆವರಿದ್ದ. ಹಾಗಂದರೇನು ಎಂದೆ. "ದೀಪದ ಬತ್ತಿ ಮಿಸ್" ಎಂದ. ಪುಸ್ತಕ ಮುಚ್ಚಿಸಿ ಅದೇ ಪಾಠ ನಾನು ಓದಿದೆ. ಎರಡನೇ ವಾಕ್ಯಕ್ಕೇ ಕೈ ಎತ್ತಿದ: "ನಮ್ಮೂರ ಕೆರೇನೂ ಬತ್ತೋಗಿತ್ತು ಮಿಸ್, ನಮ್ಮೆಮ್ಮೆ ಕೆಸರಲ್ಲಿ ಸಿಕ್ಕಾಕೊಂಡಿತ್ತು." ಪದ ಅವನಿಗೆ ಮೊದಲೇ ಗೊತ್ತಿತ್ತು ಅಲ್ವಾ? ಗಮನವೆಲ್ಲ ಅಕ್ಷರ ಕೂಡಿಸುವುದಕ್ಕೇ ಮುಗಿದುಹೋಗಿತ್ತು, ಅಷ್ಟೆ.

ಓದುವಿಕೆಯ ಸಂಶೋಧಕರಾದ ಗಫ್ ಮತ್ತು ಟನ್ಮರ್ 1986ರಲ್ಲಿ ಇದನ್ನು ಗುಣಾಕಾರದ ಲೆಕ್ಕವಾಗಿ ಹೇಳಿದರು. ಅಕ್ಷರ ಬಿಡಿಸುವುದನ್ನೂ ಮಾತು ಕೇಳಿ ತಿಳಿಯುವುದನ್ನೂ ಗುಣಿಸಿದರೆ ಓದಿ ತಿಳಿಯುವುದು. ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ. ನಾವು ಇಡೀ ವರ್ಷ ಮೊದಲನೆಯದಕ್ಕೇ ಕೊಡುತ್ತೇವೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ, ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸುಗಳ ಚಟುವಟಿಕೆ ಪದ್ಧತಿಯಲ್ಲಿ, ಹಾಡು, ಕಥೆಗೆ ಜಾಗ ಇದೆ. ಮೂರನೇ ಕ್ಲಾಸ್ ದಾಟಿದ ಕೂಡಲೇ ಕಥೆ ನಿಲ್ಲುತ್ತದೆ. ಉದ್ದುದ್ದ ಪಾಠಗಳು ಶುರುವಾಗುವುದೇ ಆಗ.

ನಮ್ಮಜ್ಜಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ಜಗಲಿಯಲ್ಲಿ ಭಾರತ ಓದಿಸಿದರೆ, ಗಮಕಿಗಳು ಯಾವ ಪದ್ಯ ಬಿಟ್ಟರು ಎಂದು ಅಲ್ಲೇ ಹೇಳುತ್ತಿದ್ದರು. ಕೇಳಿ ಕೇಳಿಯೇ ಬಂದ ತಿಳಿವಳಿಕೆ ಅದು.

ಓದಿ ಮುಗಿಸಿ "ಅರ್ಥ ಆಯ್ತಾ?" ಎಂದು ಮಾತ್ರ ಕೇಳಬೇಡಿ. "ಆಯ್ತೂ ಮಿಸ್" ಎಂದು ಇಡೀ ಕ್ಲಾಸ್ ರಾಗ ಎಳೆಯುತ್ತದೆ. ಮಧ್ಯೆ ಎರಡು ಕಡೆ ನಿಲ್ಲಿಸಿ, "ಎಮ್ಮೆ ಕೆಸರಿಗೆ ಯಾಕೆ ಇಳೀತು? ಈಗ ಏನಾಗಬಹುದು?" ಎನ್ನಿ. ಜಾಸ್ತಿ ನಿಲ್ಲಿಸಿದರೆ ಕಥೆಯೇ ಕೆಡುತ್ತದೆ.

ಅಕ್ಷರ ಕಲಿಸುವುದಕ್ಕೆ ಇದು ಬದಲಿ ಅಲ್ಲ. ಕೇಳಿದ ಕಥೆಯೂ ತಿಳಿಯದ ಮಗು ಇದ್ದರೆ ಸುಮ್ನೆ ದಡ್ಡ ಎನ್ನಬೇಡಿ, ಮೊದಲು ಡಾಕ್ಟರಿಗೆ ಕಿವಿ ತೋರಿಸಿ.

ಹೊತ್ತು ಯಾವುದು ಎಂದು ಕೇಳುತ್ತಾರೆ. ಹಾಜರಿ ಆದ ಮೇಲಿನ ಹತ್ತು ನಿಮಿಷ ಒಳ್ಳೆಯದು. ಬಿಸಿಯೂಟಕ್ಕೆ ಮುಂಚೆ ಬೇಡ. ಸಾಂಬಾರಿನ ಘಮ ಬಂದ ಮೇಲೆ ಮಕ್ಕಳ ಕಿವಿ ತಟ್ಟೆ ಸದ್ದಿನ ಕಡೆಗೇ ಇರುತ್ತದೆ.