ಸ್ಪಿನೋಜಾ ನಾಸ್ತಿಕನೇ?

ಪ್ರಶ್ನೆ: ಹದಿನೇಳನೇ ಶತಮಾನದ ತತ್ವಜ್ಞಾನಿ ಸ್ಪಿನೋಜಾ ದೇವರ ಬಗ್ಗೆ ಅಷ್ಟೊಂದು ಬರೆದಿದ್ದಾನೆ. ಆದರೂ ಅವನನ್ನು ನಾಸ್ತಿಕ ಅಂತ ಯಾಕೆ ಕರೆದರು?

ಉತ್ತರ: ಜನ ನಂಬಿದ್ದಂಥ ದೇವರನ್ನು ಅವನು ಒಪ್ಪಲಿಲ್ಲ, ಅದಕ್ಕೆ. ಅವನಿಗೆ ದೇವರು ಅಂದರೆ ಪ್ರಕೃತಿಯೇ. ಇರುವುದೆಲ್ಲ ದೇವರಲ್ಲೇ ಇದೆ, ಹೊರಗೆ ಏನೂ ಇಲ್ಲ. ಅಂಥ ದೇವರು ಹರಕೆಗೆ ಒಲಿಯುವುದಿಲ್ಲ, ತಪ್ಪಿಗೆ ಮುನಿಯುವುದಿಲ್ಲ, ಯಾರಿಗೋಸ್ಕರವೂ ಪವಾಡ ಮಾಡುವುದಿಲ್ಲ. ಆ ಕಾಲದ ಧರ್ಮಗುರುಗಳಿಗೆ ಇದು ದೇವರೇ ಇಲ್ಲ ಅಂದ ಹಾಗೆ ಕೇಳಿಸಿತು.

ಅವನ 'ಎಥಿಕ್ಸ್' ಪುಸ್ತಕದ ಮೊದಲ ಭಾಗದ ಕೊನೆಯಲ್ಲಿ ಒಂದು ಉದಾಹರಣೆ ಬರುತ್ತದೆ. ಮನೆಯ ಮೇಲಿಂದ ಕಲ್ಲು ಬಿದ್ದು ಒಬ್ಬ ಸಾಯುತ್ತಾನೆ. ಗಾಳಿ ಬೀಸಿತು, ಆತ ಆ ದಾರಿಯಲ್ಲಿ ಹೋಗುತ್ತಿದ್ದ, ಹಾಗಾಗಿ ಸತ್ತ ಅಂದರೆ ಜನ ಸುಮ್ನೆ ಬಿಡುವುದಿಲ್ಲ. ಗಾಳಿ ಆಗಲೇ ಯಾಕೆ ಬೀಸಬೇಕಿತ್ತು? ಆತ ಅಲ್ಲೇ ಯಾಕೆ ಹೋಗಬೇಕಿತ್ತು? ಗೆಳೆಯ ಮನೆಗೆ ಕರೆದಿದ್ದ ಅಂದರೆ, ಅವತ್ತೇ ಯಾಕೆ ಕರೆದ? ಹೀಗೆ ಕೇಳುತ್ತಾ ಹೋಗಿ ಕೊನೆಗೆ 'ದೇವರ ಇಚ್ಛೆ' ಅನ್ನುವಲ್ಲಿಗೆ ತಂದು ನಿಲ್ಲಿಸುತ್ತಾರೆ. ಅದು ಅಜ್ಞಾನ ಅಡಗಿಕೊಳ್ಳುವ ಜಾಗ ಅಂತಾನೆ ಸ್ಪಿನೋಜಾ. ಯಾರಾದರೂ ಸತ್ತ ಮನೆಯಲ್ಲಿ ಇವತ್ತಿಗೂ ನಾವು ಕೇಳುವುದು ಇವೇ ಪ್ರಶ್ನೆಗಳನ್ನು, ಅಲ್ವಾ?

ಇಂಥ ಮಾತಿಗೆ ಅವನು ತೆತ್ತ ಬೆಲೆ ಜಾಸ್ತಿ. 1632ರಲ್ಲಿ ಆಮ್ಸ್ಟರ್‌ಡ್ಯಾಮಿನ ಪೋರ್ಚುಗೀಸ್ ಯಹೂದಿ ವ್ಯಾಪಾರಿ ಕುಟುಂಬದಲ್ಲಿ ಹುಟ್ಟಿದವನು. 1656ರ ಜುಲೈ 27ರಂದು ಅಲ್ಲಿನ ಯಹೂದಿ ಸಮುದಾಯ ಅವನಿಗೆ ಬಹಿಷ್ಕಾರ ಹಾಕಿತು. ಆಗ ಅವನಿಗೆ ಬರೀ 23 ವರ್ಷ. ಅವನ ಜೊತೆ ಯಾರೂ ಮಾತಾಡಬಾರದು, ಒಂದೇ ಸೂರಿನಡಿ ಇರಬಾರದು, ಅವನು ಬರೆದದ್ದನ್ನು ಓದಬಾರದು. ಘೋರ ಪಾಷಂಡತನ, ಅಂದರೆ ಧರ್ಮಕ್ಕೆ ವಿರುದ್ಧವಾದ ಮಾತು, ಅಂತ ದೂರಿದರೇ ಹೊರತು ಅವನು ಹೇಳಿದ್ದೇನು ಅಂತ ಆ ಆಜ್ಞೆಯಲ್ಲಿ ಬಿಡಿಸಿ ಬರೆಯಲೇ ಇಲ್ಲ. ಆಮೇಲೆ ಅವನು ಮಸೂರ ಉಜ್ಜುವ ಕೆಲಸ ಮಾಡುತ್ತಾ ಬಾಡಿಗೆ ಕೋಣೆಗಳಲ್ಲಿ ಬದುಕಿದ. ಧರ್ಮ ಮತ್ತು ರಾಜಕೀಯದ ಬಗ್ಗೆ 1670ರಲ್ಲಿ ಅವನು ಹೊರತಂದ ಪುಸ್ತಕದಲ್ಲಿ ಲೇಖಕನ ಹೆಸರೇ ಇರಲಿಲ್ಲ, ಪ್ರಕಾಶಕನ ಹೆಸರೂ ಸುಳ್ಳು. 1673ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಿಂದ ಪ್ರಾಧ್ಯಾಪಕ ಹುದ್ದೆಗೆ ಕರೆ ಬಂತು. ಧರ್ಮದ ತಂಟೆಗೆ ಹೋಗಬಾರದು ಅನ್ನುವ ಸೂಚನೆಯೂ ಜೊತೆಗಿತ್ತು. ಒಲ್ಲೆ ಅಂದ. 'ಎಥಿಕ್ಸ್' ಅಚ್ಚಾದದ್ದು 1677ರಲ್ಲಿ, ಅವನು ತೀರಿಕೊಂಡ ಮೇಲೆ, ಗೆಳೆಯರಿಂದ.

ಹಾಗಾದರೆ ನಾಸ್ತಿಕನಾ? ನನಗೆ ಹಾಗನ್ನಿಸುವುದಿಲ್ಲ. ಅದೇ ಪುಸ್ತಕದ ಐದನೇ ಭಾಗದಲ್ಲಿ, ದೇವರನ್ನು ಪ್ರೀತಿಸುವವನು ದೇವರೂ ತನ್ನನ್ನು ಪ್ರೀತಿಸಲಿ ಅಂತ ಬಯಸಲಾರ ಅನ್ನುತ್ತಾನೆ. ಏನನ್ನೂ ಬೇಡದ ಇಂಥ ಪ್ರೀತಿಯನ್ನು ನಾಸ್ತಿಕತೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಸ್ವತಃ ಓದಿ ನೋಡುವ ಆಸೆ ಇದ್ದರೆ ಮೊದಲ ಪುಟದಿಂದ ಶುರು ಮಾಡಬೇಡಿ. ರೇಖಾಗಣಿತದ ಪ್ರಮೇಯಗಳ ಹಾಗೆ ಬರೆದ ಪುಸ್ತಕ ಅದು, ಬೇಗ ಸುಸ್ತಾಗುತ್ತೀರಿ. ಆ ಕಲ್ಲಿನ ಉದಾಹರಣೆ ಇರುವ ಅನುಬಂಧವನ್ನೇ ಮೊದಲು ಓದಿ.