ಹಳೇ ರೇಸಿಂಗ್ ಗೇಮ್ ಹೊಸ ಲ್ಯಾಪ್‌ಟಾಪಲ್ಲಿ ಯಾಕೆ ಜರ್ಕ್ ಹೊಡೆಯತ್ತೆ: ಟಿಪ್ಪಣಿ

ಹಳೇ ಗೇಮು ತಾನೇ, ಹೊಸ ಲ್ಯಾಪ್‌ಟಾಪಿಗೆ ಅದ್ಯಾವ ಲೆಕ್ಕ ಅಂತ ಎಲ್ಲರೂ ಅನ್ಕೊಂಡೇ ಶುರು ಮಾಡೋದು. 1998ರ ನೀಡ್ ಫಾರ್ ಸ್ಪೀಡ್ 3 ಹಾಟ್ ಪರ್ಸ್ಯೂಟ್ ಆಗ ಓಡ್ತಿದ್ದಿದ್ದು ಪೆಂಟಿಯಮ್ ಕಾಲದ ಮಷೀನಲ್ಲಿ, ಈಗ ನೋಡಿದ್ರೆ ಅದಕ್ಕಿಂತ ಎಷ್ಟೋ ಪಟ್ಟು ಜೋರಿರೋ ಲ್ಯಾಪ್‌ಟಾಪಲ್ಲಿ ಮೆನು ತೆರೆಯೋಕೇ ತಿಣುಕತ್ತೆ, ಇಲ್ಲ ಓಡ್ತಾ ಓಡ್ತಾ ಗಾಡಿ ಎಳೆದೆಳೆದು ಹೋಗತ್ತೆ, ಇಲ್ಲ ಸೀದಾ ಡೆಸ್ಕ್‌ಟಾಪಿಗೆ ಎಸೆಯತ್ತೆ. ಗೇಮ್ ಬರೆದವರು ಆಗಿನ ಗಡಿಯಾರ (ಅಂದ್ರೆ ಗೇಮು ಸಮಯ ಅಳೆಯೋ ರೀತಿ, ಪ್ರೊಸೆಸರ್ ವೇಗ), ಆಗಿನ ಗ್ರಾಫಿಕ್ಸ್ ಕಾರ್ಡು, ಆಗಿನ ಮಾನಿಟರ್ ನಂಬ್ಕೊಂಡು ಬರೆದಿದ್ದಾರೆ, ಈಗ ಮೂರೂ ಬೇರೆ. ನಾನು ಇಲ್ಲಿ ಜಾಸ್ತಿ ಹೇಳೋದು ಗಡಿಯಾರದ ಬಗ್ಗೆ, ಯಾಕಂದ್ರೆ ಪುಣೆಲಿರೋ ನಮ್ಮ ಕನ್ನಡ ಹುಡುಗರು ಕೇಳೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅಲ್ಲಿಗೇ ಬಂದು ನಿಲ್ಲತ್ತೆ.

ಗೇಮ್ ಒಳಗೆ ಒಂದು ಲೂಪ್ ಇರತ್ತೆ, ಪ್ರತಿ ಸುತ್ತಲ್ಲೂ ಕೀ ಒತ್ತಿದ್ರಾ ನೋಡತ್ತೆ, ಗಾಡೀನ ಸ್ವಲ್ಪ ಮುಂದೆ ತಳ್ಳತ್ತೆ, ಚಿತ್ರ ಬಿಡಿಸತ್ತೆ. ಎಷ್ಟು ಮುಂದೆ ತಳ್ಳಬೇಕು ಅನ್ನೋದೇ ವಿಷಯ. ಕೆಲವು ಗೇಮಲ್ಲಿ ಒಂದು ಫ್ರೇಮಿಗೆ, ಅಂದ್ರೆ ಹಿಂಗೆ ಬಿಡಿಸೋ ಒಂದು ಚಿತ್ರಕ್ಕೆ, ಇಷ್ಟೇ ಸಮಯ ಅಂತ ಗಟ್ಟಿಯಾಗಿ ಕೂರಿಸಿಬಿಟ್ಟಿರ್ತಾರೆ. ತೀರ ಹಳೇದಲ್ಲದ ಉದಾಹರಣೆ ಅಂದ್ರೆ 2013ರ ನೀಡ್ ಫಾರ್ ಸ್ಪೀಡ್ ರೈವಲ್ಸ್, ಅದು ಸೆಕೆಂಡಿಗೆ 30 ಫ್ರೇಮಿಗೆ ಲಾಕ್ ಆಗಿತ್ತು, ಜನ ಲಾಕ್ ಮುರಿದು 60ಕ್ಕೆ ಏರಿಸಿದ್ರೆ ಇಡೀ ಗೇಮೇ ಡಬಲ್ ಸ್ಪೀಡಲ್ಲಿ ಓಡೋಕೆ ಶುರುವಾಯ್ತು. 1998ರ ಗ್ರ್ಯಾಂಡ್ ಪ್ರಿ ಲೆಜೆಂಡ್ಸ್ ಅಂತೂ 36 ಫ್ರೇಮಿಗೆ ಕಟ್ಟಿಹಾಕಿದ ಗೇಮು. ಇನ್ನು ಕೆಲವು ಗೇಮು ಕಳೆದ ಫ್ರೇಮಿಗೆ ಎಷ್ಟು ಮಿಲಿಸೆಕೆಂಡ್ ಹಿಡೀತು ಅಂತ ಅಳೆದು ಅಷ್ಟು ತಳ್ಳತ್ತೆ, ಇದು ಜಾಣತನವೇ, ಆದ್ರೆ ಅಳತೆ ಪೂರ್ಣ ಸಂಖ್ಯೆಲಿದ್ರೆ ಕಥೆ ಮುಗೀತು. 300 ಫ್ರೇಮ್ ಬರ್ತಿದ್ರೆ ಒಂದೊಂದಕ್ಕೆ 3.33 ಮಿಲಿಸೆಕೆಂಡ್, ಕೋಡು ಅದನ್ನ 3 ಅಂತ ಓದತ್ತೆ, ಹತ್ತರಲ್ಲಿ ಒಂದು ಪಾಲು ಸಮಯ ಅಲ್ಲೇ ಮಾಯ. ಸ್ಟೀರಿಂಗ್ ವಿಚಿತ್ರವಾಗಿ ಎಳೆಯೋದು, ಸಸ್ಪೆನ್ಷನ್ ನಡುಗೋದು ಇವೆಲ್ಲ ಇಂಥ ಕಡೆಯಿಂದ ಬರಬಹುದು. ಹಂಗಾಗಿ ಮೊದಲ ಕೆಲಸ ಫ್ರೇಮಿಗೆ ಮೂಗುದಾರ ಹಾಕೋದು. ರಿವಾಟ್ಯೂನರ್ ಅನ್ನೋ ಚಿಕ್ಕ ಟೂಲಲ್ಲಿ ಗೇಮಿನ ಇಎಕ್ಸ್‌ಇ (ಗೇಮ್ ಶುರು ಮಾಡೋ ಫೈಲು) ಸೇರಿಸಿ ಫ್ರೇಮ್ ಲಿಮಿಟ್ 60 ಅಂತ ಕೊಟ್ರೆ ಆಯ್ತು, ಎನ್‌ವಿಡಿಯಾ ಕಾರ್ಡ್ ಇದ್ರೆ ಅದರ ಕಂಟ್ರೋಲ್ ಪ್ಯಾನಲಲ್ಲೂ ಮ್ಯಾಕ್ಸ್ ಫ್ರೇಮ್ ರೇಟ್ ಅಂತ ಇದೆ.

ಇಷ್ಟು ಮಾಡಿದ ಮೇಲೂ ಒಂದು ತೊಂದರೆ ಉಳಿಯತ್ತೆ. ವಿಜಯಪುರದ ಹುಡುಗ ಒಬ್ಬ, ವಾಕಡಲ್ಲಿ ರೂಮು, ಹೊಸ ಗೇಮಿಂಗ್ ಲ್ಯಾಪ್‌ಟಾಪು, ಮೋಸ್ಟ್ ವಾಂಟೆಡ್ 2005 ಹಾಕ್ಕೊಂಡು ಕೇಳ್ದ, "ಅಣ್ಣಾ, ಮೀಟರ್‌ನ್ಯಾಗ 60 ಅಲ್ಲಾಡವಲ್ದು, ಆದ್ರೂ ರೋಡ್ ಯಾಕೋ ಕುಂಟಿದಂಗ ಕಾಣ್ತೈತಿ, ಕಾರ್ಡ್ ಖರಾಬ್ ಏನ?" ಕಾರ್ಡ್ ಏನೂ ಆಗಿರಲಿಲ್ಲ. ಅವನ ಸ್ಕ್ರೀನು 144 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 144 ಸಲ ರಿಫ್ರೆಶ್ ಆಗತ್ತೆ. 144ನ್ನ 60ರಿಂದ ಭಾಗಿಸಿ ನೋಡಿ, 2.4 ಬರತ್ತೆ. ಸ್ಕ್ರೀನಿಗೆ ಅರ್ಧ ರಿಫ್ರೆಶ್ ಅಂತ ಇಲ್ಲ, ಅದಕ್ಕೇ ಒಂದು ಫ್ರೇಮ್ 2 ಸಲ ತೋರಿಸತ್ತೆ, ಇನ್ನೊಂದನ್ನ 3 ಸಲ, ಮತ್ತೆ 2, ಹಿಂಗೆ. ಒಂದು ಚಿತ್ರ ಸುಮಾರು 13.9 ಮಿಲಿಸೆಕೆಂಡ್ ನಿಲ್ಲತ್ತೆ, ಪಕ್ಕದ್ದು 20.8, ಫ್ರೇಮ್ ಎಣಿಸೋ ಮೀಟರ್ ಮಾತ್ರ ಸರಾಸರಿ ತೆಗೆದು 60 ಅಂತ ಹೇಳ್ತಾ ಕೂತಿರತ್ತೆ. ಪಕ್ಕದಲ್ಲಿ ಕಂಬ, ಬೇಲಿ ಸರ್ರಂತ ಹೋಗೋ ರೇಸಿಂಗ್ ಗೇಮಲ್ಲಿ ಇದು ಕಣ್ಣಿಗೆ ಹೊಡೆಯೋವಷ್ಟು ಬೇರೆ ಗೇಮಲ್ಲಿ ಹೊಡೆಯಲ್ಲ. ಸ್ಕ್ರೀನನ್ನ ವಿಂಡೋಸ್ ಡಿಸ್ಪ್ಲೇ ಸೆಟ್ಟಿಂಗಲ್ಲಿ 120ಕ್ಕೆ ಇಳಿಸಿದ್ರೆ ಪ್ರತಿ ಫ್ರೇಮೂ ಸರಿಯಾಗಿ 2 ಸಲ, 60ಕ್ಕೆ ಇಳಿಸಿದ್ರೆ 1 ಸಲ. ಅವನ ಲ್ಯಾಪ್‌ಟಾಪಲ್ಲಿ 120 ಇರಲಿಲ್ಲ, 60ಕ್ಕೆ ಇಳಿಸಿ ವಿ-ಸಿಂಕ್ (ಫ್ರೇಮನ್ನ ಸ್ಕ್ರೀನಿನ ರಿಫ್ರೆಶ್ ಜೊತೆ ಹೊಂದಿಸೋ ಸೆಟ್ಟಿಂಗು) ಆನ್ ಮಾಡಿದ್ವಿ, ಕುಂಟೋದು ಹೋಯ್ತು. ವೇರಿಯಬಲ್ ರಿಫ್ರೆಶ್, ಅಂದ್ರೆ ಗೇಮಿನ ಫ್ರೇಮಿಗೆ ತಕ್ಕಂಗೆ ತಾನೇ ರಿಫ್ರೆಶ್ ಬದಲಿಸ್ಕೊಳ್ಳೋ ಸ್ಕ್ರೀನಾದ್ರೆ ಈ ಸರ್ಕಸ್ ಎಷ್ಟೋ ಸಲ ಬೇಕಾಗಲ್ಲ, ಆದ್ರೆ ಹಳೇ ಗೇಮ್ ಅದನ್ನ ಹಿಡ್ಕೊಳ್ಳತ್ತೆ ಅಂತ ಗ್ಯಾರಂಟಿ ಕೊಡೋಕಾಗಲ್ಲ.

ಗಡಿಯಾರದ್ದೇ ಇನ್ನೊಂದು ಕಥೆ ಪ್ರೊಸೆಸರ್ ಸ್ಪೀಡು. 32 ಬಿಟ್ಟಿನ ಸೈನ್ಡ್ (ಪ್ಲಸ್ಸೂ ಮೈನಸ್ಸೂ ಹಿಡಿಯೋ) ಸಂಖ್ಯೆಲಿ ಹಿಡಿಯೋದು 2,147,483,647ರ ತನಕ ಮಾತ್ರ, ಅಂದ್ರೆ ಹರ್ಟ್ಜ್ ಲೆಕ್ಕದಲ್ಲಿ ಸುಮಾರು 2.15 ಗಿಗಾಹರ್ಟ್ಜ್. 90ರ ದಶಕದಲ್ಲಿ ಇಷ್ಟು ಸ್ಪೀಡ್ ಬರತ್ತೆ ಅಂತ ತಲೆ ಕೆಡಿಸ್ಕೊಳ್ಳದೆ ಆ ಡಬ್ಬೀಲೇ ಪ್ರೊಸೆಸರ್ ವೇಗ ತುಂಬಿದ ಪ್ರೋಗ್ರಾಂ ಇದ್ರೆ, ಇವತ್ತಿನ ಚಿಪ್ ಮೇಲೆ ಅದಕ್ಕೆ ಮೈನಸ್ ವೇಗ ಕಾಣ್ಸಬಹುದು. ಟರ್ಬೋ ಪ್ಯಾಸ್ಕಲಲ್ಲಿ ಬರೆದ ಡಾಸ್ ಪ್ರೋಗ್ರಾಂಗಳು ಸ್ಪೀಡ್ ಜಾಸ್ತಿ ಆಯ್ತು ಅಂತ ರನ್‌ಟೈಮ್ ಎರರ್ 200 ಕೊಟ್ಟು ಸಾಯ್ತಿದ್ದಿದ್ದೂ ಇದೇ ಜಾತಿ ರೋಗ. ಡಾಸ್ ಗೇಮಾದ್ರೆ ಡಾಸ್‌ಬಾಕ್ಸಲ್ಲಿ (ಹಳೇ ಡಾಸ್ ಮಷೀನ್ ಥರ ನಟಿಸೋ ಪ್ರೋಗ್ರಾಂ) ಸೈಕಲ್ಸ್, ಅಂದ್ರೆ ಪ್ರೊಸೆಸರ್ ವೇಗ, ಇಳಿಸಿದ್ರೆ ಸಾಕು. ಒಂದೇ ಕೋರ್ ಇದೆ ಅಂತ ನಂಬಿರೋ ವಿಂಡೋಸ್ ಗೇಮಾದ್ರೆ ಟಾಸ್ಕ್ ಮ್ಯಾನೇಜರಲ್ಲಿ ಅಫಿನಿಟಿ (ಯಾವ ಕೋರಲ್ಲಿ ಓಡಬೇಕು ಅನ್ನೋ ಸೆಟ್ಟಿಂಗು) ಒಂದೇ ಕೋರಿಗೆ ಕೊಟ್ಟು ನೋಡಿ, ದಿನಾ ಮಾಡೋಕೆ ಬೇಜಾರಾದ್ರೆ ಸ್ಟಾರ್ಟ್ ಕಮಾಂಡಿಗೆ ಅಫಿನಿಟಿ 1 ಅಂತ ಸೇರಿಸಿ ಒಂದು ಬ್ಯಾಚ್ ಫೈಲ್ ಮಾಡಿಟ್ಕೊಳ್ಳಿ.

ಈಗ ಗ್ರಾಫಿಕ್ಸು. ಆಗಿನ ಎಷ್ಟೋ ಗೇಮು 3ಡಿಎಫ್‌ಎಕ್ಸ್ ಕಂಪನಿಯ ಗ್ಲೈಡ್ ಭಾಷೇಲಿ, ಇಲ್ಲ ಹಳೇ ಡೈರೆಕ್ಟ್‌ಡ್ರಾ ಮತ್ತೆ ಡೈರೆಕ್ಟ್‌3ಡಿಲಿ ಮಾತಾಡ್ತಿದ್ವು. ಗ್ಲೈಡ್ ಅರ್ಥ ಆಗೋ ಕಾರ್ಡ್ ಈಗ ಇಲ್ಲ, ಡೈರೆಕ್ಟ್‌ಡ್ರಾ ಇನ್ನೂ ಇದೆ ಆದ್ರೆ ವಿಂಡೋಸ್ 8ರಿಂದ ಈಚೆಗೆ 8 ಬಿಟ್, 16 ಬಿಟ್ ಬಣ್ಣ ಕೇಳಿದ್ರೆ ಸಿಸ್ಟಮ್ ಅದನ್ನ ನಟನೆ ಮಾಡಿ ತೋರಿಸತ್ತೆ, ಮೆನು ತಿಣುಕೋದು ಹೆಚ್ಚಾಗಿ ಇಲ್ಲೇ. ಇದಕ್ಕೆ ವ್ರ್ಯಾಪರ್ ಬೇಕು. ಪುಣೆಗೆ ಹೊಸದಾಗಿ ಬಂದವನಿಗೆ ರೂಮ್ ಓನರ್ ಆಡೋ ಮರಾಠಿನ ಪಕ್ಕದಲ್ಲಿ ನಿಂತು ಕನ್ನಡ ಮಾಡಿ ಹೇಳೋ ಗೆಳೆಯ ಇರ್ತಾನಲ್ಲ, ವ್ರ್ಯಾಪರ್ ಕೆಲಸ ಅಷ್ಟೇ. ಗ್ಲೈಡ್ ಒಂದೇ ಸಾಕಾದ್ರೆ ಎನ್‌ಗ್ಲೈಡ್, ಎರಡೂ ಬೇಕಾದ್ರೆ ಡಿಜಿವೂಡೂ2. ಡಿಜಿವೂಡೂ2 ಹಾಕೋವಾಗ ಡಿಡ್ರಾ ಮತ್ತೆ ಡಿ3ಡಿಇಮ್ ಅನ್ನೋ ಡಿಎಲ್‌ಎಲ್‌ಗಳನ್ನ (ಗೇಮು ಬಳಸ್ಕೊಳ್ಳೋ ಸಹಾಯಕ ಫೈಲುಗಳು) ಎಕ್ಸ್86 ಫೋಲ್ಡರಿಂದ ತೆಗೆದು ಗೇಮಿನ ಇಎಕ್ಸ್‌ಇ ಪಕ್ಕದಲ್ಲೇ ಇಡಬೇಕು. ಲ್ಯಾಪ್‌ಟಾಪ್ 64 ಬಿಟ್ ಅಂತ ಎಕ್ಸ್64 ತಗೊಳ್ಳೋರೇ ಜಾಸ್ತಿ, ಗೇಮು 32 ಬಿಟ್ಟಿಂದು ಕಣ್ರಪ್ಪಾ. ಸಿಸ್ಟಮ್32 ಫೋಲ್ಡರಿಗಂತೂ ಕೈ ಹಾಕ್ಬೇಡಿ, ಗೇಮು ಮೊದಲು ತನ್ನ ಫೋಲ್ಡರಲ್ಲೇ ಹುಡುಕತ್ತೆ.

ಸ್ಕ್ರೀನ್ ಅಗಲದ್ದು ಸಣ್ಣ ವಿಷಯ. 4:3 ಚಿತ್ರವನ್ನ 16:9ಕ್ಕೆ ಎಳೆದ್ರೆ ಗಾಡಿ 1.33 ಪಟ್ಟು ದಪ್ಪ. ಮೋಸ್ಟ್ ವಾಂಟೆಡ್, ಅಂಡರ್‌ಗ್ರೌಂಡ್ ಥರದವಕ್ಕೆ ಅಭಿಮಾನಿಗಳು ಮಾಡಿದ ವೈಡ್‌ಸ್ಕ್ರೀನ್ ಫಿಕ್ಸ್ ಇದೆ, ಇಲ್ಲದವಕ್ಕೆ 1440×1080ರಲ್ಲಿ ಎರಡೂ ಕಡೆ ಕಪ್ಪು ಪಟ್ಟಿ ಬಿಟ್ಟು ಆಡಿ, ನನಗಂತೂ ಅದೇ ಚೆಂದ ಕಾಣತ್ತೆ.

ಬುಧವಾರ ಪೇಟೆ ತಪಕೀರ್ ಗಲ್ಲಿಲಿ ಯುಎಸ್‌ಬಿ ಡಿವಿಡಿ ಡ್ರೈವ್ ತಗೊಂಡು ಊರಿಂದ ತಂದ ಒರಿಜಿನಲ್ ಸಿಡಿ ಹಾಕೋರಿಗೆ ಒಂದು ಮಾತು. ಸೆಟಪ್ 16 ಬಿಟ್ಟಿಂದಾದ್ರೆ 64 ಬಿಟ್ ವಿಂಡೋಸ್ ಅದನ್ನ ತೆರೆಯದೇ ಇರಬಹುದು, ಗೇಮ್ ಮಾತ್ರ 32 ಬಿಟ್ಟಿಂದಾಗಿರೋದ್ರಿಂದ ಅಭಿಮಾನಿಗಳು ಬರೆದ ಹೊಸ ಇನ್‌ಸ್ಟಾಲರ್ ಹುಡುಕಿ. ಸೇಫ್‌ಡಿಸ್ಕ್ ಅನ್ನೋ ಕಾಪಿ ತಡೆಯೋ ಬೀಗ ಇರೋ ಸಿಡಿ ವಿಂಡೋಸ್ 10ರಲ್ಲಿ ಓಡಲ್ಲ, ಆ ಬೀಗದ ಡ್ರೈವರ್ ಸಿಸ್ಟಮಿನ ತೀರ ಒಳಗೆ ಕೂತಿರ್ತಿತ್ತು, ಭದ್ರತೆ ಕಾರಣಕ್ಕೆ ಮೈಕ್ರೋಸಾಫ್ಟ್ ಅದನ್ನ ಹೊರಗೆ ಹಾಕಿದೆ. ಗೇಮನ್ನ ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ಒಳಗೂ ಹಾಕ್ಬೇಡಿ, ಸೇವ್ ಫೈಲ್ ಎಲ್ಲೋ ವರ್ಚುವಲ್‌ಸ್ಟೋರ್ ಅನ್ನೋ ಮೂಲೆಗೆ ಹೋಗಿ ಕೂರತ್ತೆ. ಸಿ ಡ್ರೈವಲ್ಲಿ ಗೇಮ್ಸ್ ಅಂತ ಬೇರೆ ಫೋಲ್ಡರ್ ಮಾಡಿ.

ಗೇಮ್‌ಪ್ಯಾಡ್ ಇದ್ರೆ ಇದನ್ನೂ ನೋಡ್ಕೊಳ್ಳಿ. ಹಳೇ ಗೇಮು ಪ್ಯಾಡ್ ಓದೋಕೆ ವಿಂಡೋಸಿನ ಹಳೇ ವ್ಯವಸ್ಥೆಯಾದ ಡೈರೆಕ್ಟ್‌ಇನ್‌ಪುಟ್ ಕೇಳತ್ತೆ, ಎಕ್ಸ್‌ಬಾಕ್ಸ್ ಪ್ಯಾಡಿನ ಎರಡು ಟ್ರಿಗರೂ ಅದರಲ್ಲಿ ಒಂದೇ ಆಕ್ಸಿಸ್ ಆಗಿ ಕಾಣತ್ತೆ, ತಿರುವಲ್ಲಿ ಗ್ಯಾಸ್ ಬ್ರೇಕ್ ಎರಡೂ ಒತ್ತಿದ್ರೆ ಒಂದನ್ನೊಂದು ಕಳೆದು ಸೊನ್ನೆ. ಕ್ಸಿಡಿ ಅನ್ನೋ ಡಿಎಲ್‌ಎಲ್ ಗೇಮ್ ಫೋಲ್ಡರಲ್ಲಿ ಇಟ್ರೆ ಎರಡನ್ನೂ ಬೇರೆ ಬೇರೆ ಮಾಡಬಹುದು, ಆಮೇಲೆ ಗೇಮಿನ ಕಂಟ್ರೋಲ್ ಮೆನುಗೆ ಹೋಗಿ ಆಕ್ಸಿಲರೇಟರ್ರು ಬ್ರೇಕು ಹೊಸದಾಗಿ ಸೆಟ್ ಮಾಡ್ಕೊಳ್ಳಬೇಕು.